ಬೆಲೆ ಕೇಳಬಾರದ ಕಂಬಳಿ

ನಾನು ಕೇಳಿದ್ದು ಒಂದೇ ಮಾತು. "ಇದಕ ಎಷ್ಟ್ರಿ?"

ಅಷ್ಟಕ್ಕೇ ಮಗ್ಗದ ಸದ್ದು ನಿಂತಿತು. ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದ ಆ ಮನೆಯ ಸೊಸೆಯ ಕೈ ಹಿಟ್ಟಿನ ಮೇಲೆ ಹಾಗೇ ಉಳಿಯಿತು. ಕಟ್ಟೆಯ ಕೆಳಗೆ ನಾಲಿಗೆ ಚಾಚಿ ಬಿದ್ದುಕೊಂಡಿದ್ದ ನಾಯಿ ಎದ್ದು ಹಿತ್ತಲಿಗೆ ಹೋಯಿತು. ಮಟಮಟ ಮಧ್ಯಾಹ್ನ. ಮೇಲೆ ಸೂರ್ಯ, ಕೆಳಗೆ ಕಾದ ನೆಲ. ಅಂಥ ಹೊತ್ತಿನಲ್ಲಿ ಇಡೀ ಅಂಗಳ ನನ್ನನ್ನೇ ನೋಡುತ್ತಿತ್ತು.

ಬೆಲೆ ಕೇಳಿದ್ದಕ್ಕೆ ಯಾರಾದರೂ ಹೀಗೆ ನೋಡುತ್ತಾರೆಯೇ?

ಈ ಅಂಕಣವನ್ನು ತಪ್ಪದೆ ಓದುವವರಿಗೆ ನನ್ನ ಸ್ವಭಾವ ಹೊಸದಲ್ಲ. ನಾನು ಸೋಲಾಪುರದ ವ್ಯಾಪಾರಿ ಮನೆತನದ ಸೊಸೆ. ನಮ್ಮ ಮನೆಯ ಕೂಸುಗಳು 'ಅವ್ವ' ಅನ್ನುವುದಕ್ಕಿಂತ ಮೊದಲು ಮರಾಠಿಯಲ್ಲಿ 'ಕಿತೀಲಾ?', ಎಷ್ಟಕ್ಕೆ, ಅನ್ನುತ್ತವೆ (ಉತ್ಪ್ರೇಕ್ಷೆ ಇದೆ, ಆದರೆ ಬಹಳ ಇಲ್ಲ). ಸಂತೆಯಲ್ಲಿ ಬದನೆಕಾಯಿ ಮಾರುವವಳು ನನ್ನನ್ನು ದೂರದಿಂದ ಕಂಡರೆ ಸೆರಗನ್ನು ಮುಖಕ್ಕೆ ಎಳೆದುಕೊಳ್ಳುತ್ತಾಳೆ. ಚೌಕಾಸಿ ಮಾಡದೆ ಕೊಂಡ ಸೀರೆಯನ್ನು ಉಟ್ಟರೆ ನನಗೆ ಮೈಯೆಲ್ಲ ತುರಿಕೆ. ಅಂಥವಳು ಒಂದು ಕಂಬಳಿಯ ಬೆಲೆ ಕೇಳಿದೆ. ಅದರಲ್ಲಿ ತಪ್ಪೇನಿದೆ?

ಇರಿ, ಮೊದಲಿನಿಂದ ಹೇಳುತ್ತೇನೆ.

ನನ್ನ ನೆಗೆಣ್ಣಿ, ಅಂದರೆ ಮೈದುನನ ಹೆಂಡತಿ ಸುನಂದಾ, ಕಳೆದ ವರ್ಷ ಒಂದು ಬೂಟೀಕ್ ತೆರೆದಳು. ಗಂಡಸರು ಹಳೆ ಪೇಟೆಯಲ್ಲಿ ಚಾದರ, ಟವೆಲ್ಲು ಹೋಲ್‌ಸೇಲ್ ಮಾರುತ್ತಾರೆ; ಇವಳು ಅಕ್ಕಲಕೋಟ ರಸ್ತೆಯಲ್ಲಿ ಏಸಿ ಹಾಕಿಸಿಕೊಂಡು 'ಹ್ಯಾಂಡ್‌ಮೇಡ್' ಮಾರುತ್ತಾಳೆ. ಜಾಣೆ. ಅವಳಿಂದ ನಾನು ಒಂದು ಪಾಠ ಕಲಿತೆ. ಮೊದಮೊದಲು ಅಂಗಡಿಯಲ್ಲಿ ಕುರಿ ಉಣ್ಣೆಯ ಕಂಬಳಿ ಇಟ್ಟು ನ್ಯಾಯವಾದ ಬೆಲೆ ಬರೆದಳು. ಬಂದವರು ಮುಟ್ಟಿ ನೋಡಿ, "ಅಯ್ಯ, ಚುಚ್ಚತದ, ವಾಸನಿ ಬ್ಯಾರೆ" ಎಂದು ಮೂಗು ಮುರಿದು ಹೋದರು. ಇವಳು ಸುಮ್ಮನೆ ಆ ಕಂಬಳಿಯನ್ನೇ ಗಾಜಿನ ಕಪಾಟಿನಲ್ಲಿಟ್ಟು, ಮೇಲೆ ಒಂದು ದೀಪ ಹಾಕಿ, ಬೆಲೆಯ ಕೊನೆಗೆ ಇನ್ನೊಂದು ಸೊನ್ನೆ ಸೇರಿಸಿದಳು. ಮರುವಾರ ಅದೇ ಚುಚ್ಚು 'ನ್ಯಾಚುರಲ್ ಟೆಕ್ಸ್ಚರ್' ಆಯಿತು. ಅದೇ ವಾಸನೆ 'ಅರ್ದೀ ಸ್ಮೆಲ್', ಮಣ್ಣಿನ ಘಮ, ಆಯಿತು. ಕೊಂಡವರು ಕಂಬಳಿಯ ಜೊತೆ ಸೆಲ್ಫಿ ಬೇರೆ ತೆಗೆದುಕೊಂಡರು.

ಕಂಬಳಿ ಬದಲಾಗಿರಲಿಲ್ಲ. ಚೀಟಿ ಬದಲಾಗಿತ್ತು, ಅಷ್ಟೇ.

ಹೀಗೆ ಕಂಬಳಿ ಖರ್ಚಾಗತೊಡಗಿದ ಮೇಲೆ ಹೊಸ ಮಾಲು ಬೇಕಾಯಿತು. "ಅಕ್ಕಾ, ನೀ ಬಂದ್ರ ರೇಟ್ ಇಳೀತದ" ಎಂದು ನನ್ನನ್ನು ಕಾರಿಗೆ ಹತ್ತಿಸಿಕೊಂಡಳು. ಕುಂಭಾರಿ ದಾಟಿ, ಅಕ್ಕಲಕೋಟದಲ್ಲಿ ಸ್ವಾಮಿಗಳಿಗೆ ಕೈ ಮುಗಿದು, ಕುರನೂರಿನ ಕಡೆ ತಿರುಗಿದೆವು. ಆಣೆಕಟ್ಟಿನ ನೀರು ಬಿಸಿಲಿಗೆ ತಗಡಿನಂತೆ ಹೊಳೆಯುತ್ತಿತ್ತು. ಊರ ಹೊರಗೆ ಒಂದು ಕುರಿಗಾರರ ಮನೆ. ಮಗ ಮಾಳಿಂಗ ಮಗ್ಗದಲ್ಲಿ ಕಂಬಳಿ ನೇಯುತ್ತಾನೆ, ತಾಯಿ ಮಾಯವ್ವ ಉಣ್ಣೆ ನೂಲುತ್ತಾಳೆ. ತಂದೆ ಬೀರಪ್ಪ ಒಳಕೋಣೆಯಲ್ಲಿ ಹಾಸಿಗೆ ಹಿಡಿದಿದ್ದ. "ಅನ್ನ ಬಿಟ್ಟಾನ್ರಿ. ಇವತ್ತೋ ನಾಳೆನೋ ಅನ್ನೂಹಂಗ ಅದ" ಎಂದು ಮಾಳಿಂಗ ತಗ್ಗಿದ ದನಿಯಲ್ಲಿ ಹೇಳಿದ.

ಅಂಥ ಮನೆಯಲ್ಲಿ ವ್ಯಾಪಾರ ಮಾಡಬಾರದಿತ್ತು, ನಿಜ. "ಇನ್ನೊಮ್ಮೆ ಬರ್ತೀವಿ" ಎಂದೂ ಹೇಳಿದೆವು. ಮಾಯವ್ವನೇ ಬಿಡಲಿಲ್ಲ. "ದೂರಿಂದ ಬಂದೀರಿ, ಬರ್ರಿ, ಕೂಡ್ರಿ, ನೋಡ್ರಿ" ಎಂದು ಕೈ ಹಿಡಿದು ಕರೆದೊಯ್ದಳು. ಮಾಳಿಂಗ ಕಂಬಳಿಗಳ ಗಂಟು ಬಿಚ್ಚಿಟ್ಟು ಮತ್ತೆ ಮಗ್ಗಕ್ಕೆ ಕೂತ. ಬಿಳಿ ಅಂಚಿನವು, ಕೆಂಪು ಗೆರೆಯವು. ಸುನಂದಾ ಅವುಗಳಲ್ಲಿ ಮುಳುಗಿದಳು. ನನ್ನ ಕಣ್ಣು ಮಾತ್ರ ಅಂಗಳದ ಹಗ್ಗದ ಮೇಲಿದ್ದ ಒಂದು ಕಂಬಳಿಗೆ ಹೋಯಿತು.

ಅಪ್ಪಟ ಕಪ್ಪು. ಅಂಚಿಲ್ಲ, ಗೆರೆಯಿಲ್ಲ, ಒಂದೇ ಒಂದು ಬೇರೆ ಬಣ್ಣದ ಎಳೆಯಿಲ್ಲ. ಹುಣಸೆಬೀಜದ ಗಂಜಿ ಕುಡಿದು ಗಡುಸಾಗಿ ನಿಂತಿತ್ತು. ಇನ್ನೊಂದು ವಿಷಯ ಆಗ ನೋಡಿದೆ, ಆಮೇಲೆ ಅರ್ಥವಾಯಿತು. ಬಿಸಿಲಿಗೆ ಬಾಯಿ ತೆರೆದ ಕೋಳಿಗಳೆಲ್ಲ ಬೇವಿನ ಮರದ ನೆರಳಿನಲ್ಲಿ ಒತ್ತಿಕೊಂಡು ಕೂತಿದ್ದವು. ಅಲ್ಲೇ ಪಕ್ಕದಲ್ಲಿ ಕಂಬಳಿಯ ನೆರಳು ದಟ್ಟವಾಗಿ, ತಂಪಾಗಿ ಬಿದ್ದಿತ್ತು. ಅದರೊಳಗೆ ಒಂದು ಕೋಳಿಯೂ ಇರಲಿಲ್ಲ.

ಆಗಲೇ ನಾನು ಆ ಮಾತು ಕೇಳಿದ್ದು.

ಯಾರೂ ಉತ್ತರ ಕೊಡಲಿಲ್ಲ. ಸುಮ್ಮನಿರುವುದು ಚೌಕಾಸಿಯ ಹಳೆಯ ಪಟ್ಟು, ನನಗೆ ಗೊತ್ತಿಲ್ಲವೇ? ನಾನೇ ಒಂದು ಅಂಕಿ ಹೇಳಿದೆ. (ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ. ಕಾರಣ ಇದೆ.) ಸೊಸೆ ಬಾಯಿಗೆ ಸೆರಗು ಒತ್ತಿಕೊಂಡಳು. ಅಂಕಿ ಏರಿಸಿದೆ. ಮಾಳಿಂಗ ಮಗ್ಗದ ಕುಣಿಯಿಂದ ಎದ್ದು ಬಂದು, "ಅಕ್ಕಾರ, ಬ್ಯಾಡ್ರಿ, ಸಾಕ್ರಿ" ಎಂದ. ಅವನ ಮುಖ ಬಿಳಿಚಿತ್ತು. ಕಡಿಮೆಯಾಯಿತೇನೋ ಎಂದು ನಾನು ಮತ್ತೆ ಏರಿಸಿದೆ!

ನಕ್ಕವಳು ಒಬ್ಬಳೇ. ಮಾಯವ್ವ.

ಅವಳು ಹಗ್ಗದಿಂದ ಕಂಬಳಿ ಇಳಿಸಿ, ಮಡಚಿ, ಎರಡೂ ಕೈಯಿಂದ ನನ್ನ ಮುಂದೆ ಹಿಡಿದಳು. "ತಗೋರಿ ಯವ್ವಾ. ಕೇಳಿದ್ರಲ್ಲ, ಈಗ ಇದು ನಿಮ್ದ. ರೊಕ್ಕ ಬ್ಯಾಡ."

"ಅವ್ವಾ!" ಎಂದು ಮಾಳಿಂಗ ಚೀರಿದ. "ಅದನ್ನ ಹೊರಗ ಯಾಕ ಹಾಕಿದ್ದಿ?"

"ಬಿಸಲಿಗಿ ಹಾಕಿದ್ದೆ" ಎಂದಳು, ನನ್ನ ಮೇಲಿನ ಕಣ್ಣು ತೆಗೆಯದೆ.

ಜನ್ಮದಲ್ಲಿ ಮೊದಲ ಸಲ ಪುಕ್ಕಟೆ ಸಿಕ್ಕ ವಸ್ತುವಿಗೆ ನನ್ನ ಕೈ ಮುಂದೆ ಹೋಗಲಿಲ್ಲ. ಬೆಲೆ ಹೆಚ್ಚೆಂದರೆ ಜಗಳ ಆಡಬಹುದು. ಕಡಿಮೆಯೆಂದರೆ ಅನುಮಾನ ಪಡಬಹುದು. ಏನೂ ಇಲ್ಲ ಎಂದರೆ ಏನು ಮಾಡುವುದು? ಅಷ್ಟರಲ್ಲಿ ಸುನಂದಾ, "ವಾ! ಬಾರ್ಡರೇ ಇಲ್ಲ, ಮಿನಿಮಲ್!" ಎಂದು ಓಡಿ ಬಂದಳು. ಅವಳು ಕೈ ಚಾಚಿದರೆ ಮಾಯವ್ವ ಕಂಬಳಿಯನ್ನು ಹಿಂದೆ ಎಳೆದುಕೊಂಡಳು. "ನೀವಲ್ಲ. ಕೇಳಿದಾಕಿ ಇವರು." ಕಡೆಗೆ ನಾನೇ ತೆಗೆದುಕೊಂಡೆ. ಭಾರ ಇತ್ತು. ಉಣ್ಣೆಗೆ ಇರಬೇಕಾದದ್ದಕ್ಕಿಂತ ಹೆಚ್ಚು ಭಾರ.

ಒಳಕೋಣೆಯಿಂದ ಮುದುಕನ ಕೆಮ್ಮು ಕೇಳಿಸಿತು. ಆಮೇಲೆ, ಸ್ಪಷ್ಟವಾಗಿ, "ನೀರ ಕೊಡ" ಎಂಬ ಮಾತು. ಸೊಸೆ ತಂಬಿಗೆ ಹಿಡಿದು ಓಡಿದಳು.

ದಾರಿಯುದ್ದಕ್ಕೂ ಸುನಂದಾ ಹಾಡುತ್ತ ಕಾರು ಓಡಿಸಿದಳು. "ಅಕ್ಕಾ, ನಿನ್ನ ಬಾಯಿಗಿ ಶರಣು. ಝೀರೋಕ್ಕ ಇಳಿಸಿದಿ!" ನಾನು ನಗಲು ನೋಡಿದೆ. ಹಿಂದಿನ ಸೀಟಿನಲ್ಲಿ ಮಡಚಿಟ್ಟ ಕಂಬಳಿ ಗಂಜಿಯ ಬಿಗಿಗೆ ಮೆಲ್ಲಗೆ ಬಿಚ್ಚಿಕೊಂಡು ಎದ್ದು ನಿಂತಿತ್ತು. ಕನ್ನಡಿಯಲ್ಲಿ ನೋಡಿದರೆ ಯಾರೋ ತಲೆಯ ಮೇಲೆ ಹೊದ್ದು ಕೂತ ಹಾಗೆ. ಹೊಸ ಕಂಬಳಿ ಹಾಗೇ ಇರುತ್ತದೆ, ಅದು ಗಂಜಿಯ ಗುಣ. ನನಗೆ ಗೊತ್ತು. ಆದರೂ ಮನೆ ಮುಟ್ಟುವತನಕ ಇನ್ನೊಮ್ಮೆ ಕನ್ನಡಿಯ ಕಡೆ ನೋಡಲಿಲ್ಲ.

ಮುಂದಿನ ವಾರ ನನಗೆ ಚಳಿ ಶುರುವಾಯಿತು.

ಸೋಲಾಪುರದ ಏಪ್ರಿಲ್ ಹೇಗಿರುತ್ತದೆ ಎಂದು ನಿಮಗೆ ನಾನು ಹೇಳಬೇಕೇ? ಇಲ್ಲಿ ನಲ್ಲಿಯಲ್ಲಿ ಬಿಸಿನೀರು ತಾನಾಗಿ ಬರುತ್ತದೆ. ಅಂಥದರಲ್ಲಿ ನಾನು ಹಾಡಹಗಲು ಕಾಲಿಗೆ ಸಾಕ್ಸ್ ಹಾಕಿಕೊಂಡು ಕೂತೆ. ಜ್ವರ ಇಲ್ಲ. ಡಾಕ್ಟರು ರಕ್ತ ಪರೀಕ್ಷೆ ಮಾಡಿಸಿ, "ಎಲ್ಲಾ ನಾರ್ಮಲ್ ಅದ್ರಿ" ಎಂದರು. ನಮ್ಮ ಮನೆಯವರು ನನ್ನ ಪಾದ ಮುಟ್ಟಿ ನೋಡಿ, "ಫ್ರಿಜ್‌ನ್ಯಾಗ ನೀರ ಇಡೂದು ಬಿಟ್ಟು ನಿನ್ನ ಕಾಲ ಕೆಳಗ ಇಡಬೇಕ" ಎಂದು ಚೇಷ್ಟೆ ಮಾಡಿದರು. ಕಂಬಳಿ ಕೋಣೆಯ ಕುರ್ಚಿಯ ಮೇಲೆ ಇತ್ತು. ಚಳಿಯಾದರೆ ಹೊದೆಯಬೇಕು, ಅದಕ್ಕೇ ಅಲ್ಲವೇ ಕಂಬಳಿ ಇರುವುದು? ಕೈ ಅದರವರೆಗೆ ಹೋಗುತ್ತಿತ್ತು. ಹೋಗಿ ತಿರುಗಿ ಬರುತ್ತಿತ್ತು.

ಆ ಹೊತ್ತಿಗೆ ಮಾಳಿಂಗ ಬಂದ. ಸುನಂದಾ ಹೇಳಿಟ್ಟಿದ್ದ ಕಂಬಳಿಗಳನ್ನು ಬೂಟೀಕಿಗೆ ಮುಟ್ಟಿಸಿ, ವಿಳಾಸ ಕೇಳಿಕೊಂಡು ನಮ್ಮ ಮನೆಗೆ ಬಂದಿದ್ದ. ಒಳಗೆ ಬಾ ಎಂದರೆ ಬರಲೊಲ್ಲ. ಹೊಸ್ತಿಲ ಆಚೆಗೇ ನಿಂತ.

"ಅಪ್ಪ ಎದ್ದ ಕುಂತಾನ್ರಿ ಅಕ್ಕಾರ. ಎರಡು ರೊಟ್ಟಿ ತಿನ್ನಾಕತ್ತ್ಯಾನ. ನಿನ್ನಿ ಕುರಿ ಹಿಂದ ಹೋಗ್ಯಾನ."

"ಛಲೋ ಆತಲ್ಲೊ!" ಎಂದೆ.

ಅವನು ನೆಲ ನೋಡಿದ. "ಛಲೋನ ಆತ್ರಿ." ಆಮೇಲೆ ಬಿಟ್ಟುಬಿಟ್ಟು ಹೇಳಿದ. ಅವರ ಮನೆತನದಲ್ಲಿ ಮುಪ್ಪಾದ ಗಂಡಸಿಗೆ ಅವನ ಸ್ವಂತ ಕುರಿಗಳ ಕರಿ ಉಣ್ಣೆಯಿಂದಲೇ ಒಂದು ಕಂಬಳಿ ಮಾಡಿಡುತ್ತಾರೆ. ಮಣ್ಣಿಗೆ ಹೋಗುವಾಗ ಹೊದಿಸಲು. ಅದಕ್ಕೆ ಅಂಚು ಹಾಕುವುದಿಲ್ಲ. ಅದನ್ನು ಮಾರುವುದಿಲ್ಲ, ಕೊಳ್ಳುವುದಿಲ್ಲ, ಇಷ್ಟಾಗಬಹುದು ಎಂದು ಲೆಕ್ಕ ಸಹ ಹಾಕುವುದಿಲ್ಲ. ಹೊರಗಿನವರ ಕಣ್ಣಿಗೆ ಬೀಳದಂತೆ ಅಟ್ಟದ ಮೇಲೆ ಇಟ್ಟಿರುತ್ತಾರೆ.

"ಬೆಲಿ ಯಾರ ಕೇಳ್ತಾರ, ಕಂಬಳಿ ಅವರದಾಗ್ತದರಿ."

"ಆದ್ರ?"

"ಮೊದಲ ಯಾರಿಗಿ ಮಾಡಿತ್ತು, ಅವ ಉಳೀತಾನ್ರಿ."

ಮಾಳಿಂಗನ ಕಣ್ಣಲ್ಲಿ ನೀರಿತ್ತು. ತಂದೆ ಬದುಕಿದ ಸಂತೋಷವೋ, ನನ್ನ ಮೇಲಿನ ಮರುಕವೋ, ಹೇಳಲಾರೆ. "ಅವ್ವ ಅವತ್ತ ಬೇಕಂತನ ಹೊರಗ ಹಾಕ್ಯಾಳ ಅನ್ನಸ್ತದರಿ. ಫೋನ್ ಬಂದಿತ್ತಲ್ರಿ, ನೀವು ಬರೂದು ಆಕಿಗಿ ಗೊತ್ತಿತ್ತು. ಪ್ಯಾಟಿ ಮಂದಿ, ಕಂಡಿದ್ದಕ್ಕೆಲ್ಲ ಎಷ್ಟು ಅಂತ ಕೇಳ್ತಾರ ಅಂದಿದ್ಲು."

ನೋಡಿ, ನನ್ನನ್ನು ಎಷ್ಟು ಸರಿಯಾಗಿ ಅಳೆದಿದ್ದಳು! ಅಂಗಡಿಕಾರರು ನಮ್ಮ ಚಪಾತಿಯ ತೂಕದಿಂದ ಹಿಡಿದು ಚಪ್ಪಲಿಯ ಸೈಜಿನವರೆಗೆ ಎಲ್ಲ ಬಲ್ಲರು ಎಂದುಕೊಂಡಿದ್ದೆ. ಈ ಮುದುಕಿ ನಮ್ಮ ನಾಲಿಗೆಯನ್ನೇ ಬಲ್ಲಳು.

"ಇದರಿಂದ ಬಿಡುಗಡಿ ಹೆಂಗೋ?"

"ಮತ್ತ್ಯಾರರೆ ಕೇಳಬೇಕ್ರಿ. ತಾವಾಗೇ ಕೇಳಬೇಕು, ನೀವು ಹಚ್ಚಿ ಕೇಳಸಬಾರದು. ಕೇಳಿದವ್ರ ಕೈಯಾಗ ಕೊಟ್ಟಬಿಟ್ರ ಮುಗೀತು."

ಅವನು ಹೋದ. ನಮ್ಮ ಮನೆಯವರಿಗೆ ಹೇಳಿದೆ. "ಏನ ಹುಚ್ಚಿ ಅದಿ ನೀ! ಮುದುಕಗ ಯಾರೋ ಸಲಾಯಿನ್ ಹಚ್ಚಿರಬೇಕು, ಎದ್ದಾನ" ಎಂದರು. ಇರಬಹುದು. ನಿಜಕ್ಕೂ ಅದೇ ಇರಬಹುದು. ಆದರೆ ಅಂದಿನಿಂದ ಅವರೂ ಆ ಕುರ್ಚಿಯ ಮೇಲೆ ಕೂರುವುದನ್ನು ಬಿಟ್ಟರು.

ಸುನಂದಾಳಿಗೆ ಹೇಳಿದರೆ ಕುಣಿದಾಡಿದಳು. "ಅಕ್ಕಾ! ಈ ಸ್ಟೋರಿ ಹಾಕಿದ್ರ ಡಬಲ್ ರೇಟ್!" ಬೇಡ ಅಂದೆ. ಸ್ಟೋರಿ ಹಾಕಲಿಲ್ಲ. ಆದರೆ ಮರುದಿನ ನಾನು ಸ್ನಾನಕ್ಕೆ ಹೋದಾಗ ಮನೆಗೆ ಬಂದು ಕಂಬಳಿಯ ಫೋಟೋ ತೆಗೆದು ಇನ್‌ಸ್ಟಾಗ್ರಾಮಿಗೆ ಹಾಕಿದ್ದಳು. ಕೆಳಗೆ ಬೆಲೆ ಇಲ್ಲ. 'ಪ್ರೈಸ್ ಆನ್ ರಿಕ್ವೆಸ್ಟ್' ಎಂದಿತ್ತು.

ಈಗಿನ ಫ್ಯಾಶನ್ ನಿಮಗೂ ಗೊತ್ತಿರಬೇಕು. ಕೈಯಿಂದ ಮಾಡಿದ ವಸ್ತುವಿಗೆ ಬೆಲೆ ಬರೆದರೆ ಅದು ಸಾಮಾನು. ಬರೆಯದಿದ್ದರೆ ಕಲೆ. ಬಾಯಿಬಿಟ್ಟು ಕೇಳಿಸಿಕೊಳ್ಳುವ ವಸ್ತುವಿಗೆ ಒಂದು ಗತ್ತು. ಮಾಯವ್ವ ಹಗ್ಗಕ್ಕೆ ಕಂಬಳಿ ಹಾಕಿ ಸುಮ್ಮನೆ ಕೂತಳಲ್ಲ, ಅದನ್ನೇ ನಾವು ಏಸಿಯಲ್ಲಿ ಕೂತು ಮಾಡುತ್ತಿದ್ದೇವೆ.

ಫೋಟೋದ ಕೆಳಗೆ ಕಾಮೆಂಟುಗಳು. 'ಪ್ರೈಸ್ ಪ್ಲೀಸ್.' 'ಕಿತೀಲಾ?' 'ಹೌ ಮಚ್?' ಒಂದರ ಕೆಳಗೊಂದು, ಉದ್ದಕ್ಕೆ. ಪ್ರತಿ ಪ್ರಶ್ನೆಯ ಪಕ್ಕದಲ್ಲಿ ಒಂದು ನಗುವ ಮುಖ. ನಾನು ಬೆರಳಿನಿಂದ ಸರಿಸುತ್ತಲೇ ಹೋದೆ. ಮುಖಗಳು ಮುಗಿಯಲೊಲ್ಲವು. ಇಷ್ಟೊಂದು ಜನ ಸಾಲುಗಟ್ಟಿ, ತಾವಾಗೇ, ನಗುನಗುತ್ತಾ ಕೇಳುತ್ತಿದ್ದರು.

ಮೊದಲು ನನಗೆ ಆದದ್ದು ಏನು ಗೊತ್ತೇ? ಖುಷಿ. ಛೀ ಅನ್ನಿ, ಪರವಾಗಿಲ್ಲ. ಕಾಲು ಬೆಚ್ಚಗಾದ ಹಾಗೆ ಕೂಡ ಅನ್ನಿಸಿತು.

ಎಲ್ಲರಿಗಿಂತ ಮೊದಲು ಕೇಳಿದವಳು ಪುಣೆಯವಳು. ಸುನಂದಾ ಬಾಯಿಗೆ ಬಂದ ಅಂಕಿ ಹೇಳಿದ್ದಳು. ಅಷ್ಟೊಂದು ಇದೆಯೆಂದ ಮೇಲೆ ಅಸಲಿಯೇ ಇರಬೇಕು ಎಂದುಕೊಂಡು, ಚೌಕಾಸಿ ಇಲ್ಲದೆ ಆ ಹೆಣ್ಣುಮಗಳು ಒಪ್ಪಿ ವಿಳಾಸ ಕಳಿಸಿದ್ದಳು. ಕಂಬಳಿ ಪ್ಯಾಕ್ ಆಯಿತು. ಡಬ್ಬಿಯ ಮೇಲೆ ಟೇಪು ಸುತ್ತಿದ್ದಾಯಿತು. ಆಗ ನಾನು ಒಂದು ಕೆಟ್ಟ ಕೆಲಸ ಮಾಡಿದೆ: ಅವಳ ಫೋಟೋ ದೊಡ್ಡದು ಮಾಡಿ ನೋಡಿದೆ. ತೊಟ್ಟಿಲ ಪಕ್ಕ ನಿಂತಿದ್ದಳು. ತೋಳಲ್ಲಿ ಕೂಸು. ಹೆಸರಿಟ್ಟ ದಿನದ್ದಿರಬೇಕು, ಇನ್ನೂ ಬಾಣಂತಿಯ ಮುಖ.

ಕತ್ತರಿ ತಂದು ಟೇಪು ಕತ್ತರಿಸಿದೆ. ಸುನಂದಾ ಇವತ್ತಿಗೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ. "ಮೂಢನಂಬಿಕಿ ಕಟ್ಕೊಂಡು, ಬಂದ ಗಿರಾಕಿ ಕಳದಿ" ಎನ್ನುತ್ತಾಳೆ. ಆಯಿತು ಮಾರಾಯ್ತಿ, ನಾನು ಮೂಢಳೇ.

ಮರುದಿನ ಬೆಳಿಗ್ಗೆ ಕಂಬಳಿ ಹಿಡಿದುಕೊಂಡು ಒಬ್ಬಳೇ ಬಸ್ಸು ಹತ್ತಿದೆ. ನನ್ನ ಪಕ್ಕದ ಸೀಟು ಅಕ್ಕಲಕೋಟದವರೆಗೆ ಖಾಲಿ. ಜನ ನಿಂತೇ ಬಂದರು.

ಮಾಯವ್ವ ಅಂಗಳದಲ್ಲಿ ಉಣ್ಣೆ ಹಿಂಜುತ್ತ ಕೂತಿದ್ದಳು. ನನ್ನ ಕೈಯಲ್ಲಿದ್ದದ್ದನ್ನು ನೋಡಿ ಹಿಂದಕ್ಕೆ ಸರಿದಳು.

"ಇದನ್ನ ತಗೋ ಮಾಯವ್ವಾ. ನಂಗ ಬ್ಯಾಡ."

"ಬರೂದಿಲ್ಲ ಯವ್ವಾ. ನೀವು ಕೇಳಿದ್ರಿ, ನಾ ಕೊಟ್ಟೆ. ವ್ಯಾಪಾರ ಮುಗೀತು."

"ಎಲ್ಲಿ ವ್ಯಾಪಾರ? ನಾ ಒಂದ ಪೈಸಾ ಕೊಟ್ಟಿಲ್ಲ!"

"ಕೊಟ್ಟಿಲ್ಲ ಅಂತ ತಿಳ್ಕೊಂಡೀರಿ?" ಎಂದಳು.

ಆ ಬಿಸಿಲಿನಲ್ಲಿ ನನ್ನ ಹಲ್ಲು ಕಟಕಟ ಎಂದವು. ಸಿಟ್ಟು ನೆತ್ತಿಗೇರಿತು. ಕೂಗಾಡಿದೆ. ಪೊಲೀಸರನ್ನು ಕರೆಯುತ್ತೇನೆ ಅಂದೆ (ಕರೆದು ಏನು ಹೇಳುವುದು? ಪುಕ್ಕಟೆ ಕಂಬಳಿ ಕೊಟ್ಟಳು ಅಂತಲೇ?). ಅವಳು ಎಲ್ಲ ಕೇಳಿಸಿಕೊಂಡಳು. ಆಮೇಲೆ ಅತ್ತಳು.

"ಆ ಕಂಬಳಿ ನೂಲು ನೂಲಿದಾಕಿ ನಾನರಿ. ಒಂದೊಂದ ಎಳಿ ತಗಿಯೂ ಮುಂದ, ಅವ ಹೋಗೂದನ್ನ ನಾನ ನೂಲಾಕತ್ತೀನಿ ಅನ್ನಸೂದು. ಮಂದಿ ಪದ್ಧತಿ ಅಂತಾರ. ನೂಲೂ ಕೈ ಅವರದಲ್ಲಲ್ಲ? ಅವನ ಜೋಡಿ ಜಲ್ಮಪೂರ್ತಿ ಕುರಿ ಹಿಂದ ಅಡ್ಡಾಡೀನಿ. ಅವಗ ಹೊಚ್ಚಿ ಕಳಸಾಕ ನನ್ನ ಕೈ ಬರಲಿಲ್ಲ ಯವ್ವಾ. ಬರಲಿಲ್ಲ."

"ನನಗೂ ಮನಿ ಅದ ಮಾಯವ್ವಾ. ನನಗೂ ಗಂಡ ಇದ್ದಾನ."

"ಗೊತ್ತದರಿ. ಅದಕ್ಕ ನನಗ ಉಂಡ ಅನ್ನ ಮೈಗಿ ಹತ್ತವಲ್ದು."

ಅಂಗಡಿಯ ಗಾಜಿನ ಕಪಾಟಿನ ಮುಂದೆ ನಿಂತು ನಾವು 'ಇದಕ್ಕೆ ಇಷ್ಟೊಂದಾ?' ಎನ್ನುತ್ತೇವೆ. ನೇಯ್ದವರ ಅಂಗಳದಲ್ಲಿ ನಿಂತು 'ಇಷ್ಟಕ್ಕೆ ಕೊಡಿ' ಎನ್ನುತ್ತೇವೆ. ಮಾಲ್‌ನಲ್ಲಿ ಟ್ಯಾಗು ನೋಡಿ ಬಾಯಿ ಮುಚ್ಚಿಕೊಂಡು ಕಾರ್ಡು ತೆಗೆಯುವವರಿಗೆ, ಮಾಡಿದವರು ಎದುರಿಗೆ ಕೂತಿದ್ದರೆ ಮಾತ್ರ ನಾಲಿಗೆ ಬರುತ್ತದೆ. ಆ ಎಳೆಯನ್ನು ಎಳೆದವಳು ಆಗ ಏನನ್ನು ಯೋಚಿಸುತ್ತಿದ್ದಳು, ಯಾರಿಗಾಗಿ ಎಳೆದಳು ಎಂದು ನಾನಂತೂ ಒಮ್ಮೆಯೂ ಕೇಳಿದವಳಲ್ಲ. ಕೇಳಲು ನನಗೆ ಇದ್ದದ್ದು ಒಂದೇ ಪ್ರಶ್ನೆ.

ಅಷ್ಟರಲ್ಲಿ ಕುರಿಗಳ ಕೊರಳ ಗಂಟೆ ಕೇಳಿಸಿತು. ಬೀರಪ್ಪಜ್ಜ ಬಂದ. ಅವತ್ತು ಕೆಮ್ಮಷ್ಟೇ ಕೇಳಿದ್ದೆ, ಈಗ ಮುಖ ನೋಡಿದೆ. ಎತ್ತರದ ಆಳು. ಹಣೆಗೆ ಭಂಡಾರದ ಅರಿಶಿನ, ಹೆಗಲ ಮೇಲೆ ಕೋಲು, ಬಾಯಿತುಂಬ ಎಲೆಯಡಿಕೆ. ಸಾವಿನ ಹಾಸಿಗೆಯಿಂದ ಎದ್ದವನ ಕಳೆಯೇ ಇಲ್ಲ. ಹೆಂಡತಿಯ ಕೆಂಪು ಕಣ್ಣು ನೋಡಿದ, ನನ್ನನ್ನು ನೋಡಿದ. "ಯಾವೂರಿನ ಅಕ್ಕಾರು?" ಎಂದ.

ನನ್ನ ಕೈಯಲ್ಲಿದ್ದ ಕಂಬಳಿಯ ಮೇಲೆ ಅವನ ಕಣ್ಣು ಬಿತ್ತು. ಪೇಟೆಯವಳ ಕೈಯಲ್ಲಿ ಅಂಥದು ಇದ್ದೀತೆಂದು ಹೊಳೆಯಲಿಲ್ಲವೇನೋ, ತನ್ನದೆಂದು ಗುರುತು ಹತ್ತಲಿಲ್ಲ. ತನಗಾಗಿ ತನ್ನ ಕುರಿಗಳ ಉಣ್ಣೆಯಲ್ಲಿ ಆದ ಕಂಬಳಿಯನ್ನು ಪರರ ಮಾಲು ನೋಡಿದ ಹಾಗೆ ನೋಡಿದ. ಹತ್ತಿರ ಬಂದು ಅಂಚಿಲ್ಲದ ಅಂಚನ್ನು ಎರಡು ಬೆರಳಿನಲ್ಲಿ ಉಜ್ಜಿದ. ಮೆಚ್ಚಿ ತಲೆಯಾಡಿಸಿದ.

"ಭಾಳ ಛಲೋ ಅದ್ರಿ. ಎಷ್ಟಕ್ಕ ಬಿತ್ತು?"

ಮಾಯವ್ವನ ಕೈಯಿಂದ ಉಣ್ಣೆ ಕೆಳಗೆ ಬಿತ್ತು. ಓಡಿ ಬಂದು ಅವನ ಬಾಯಿ ಮುಚ್ಚಿದಳು. ತಡವಾಗಿತ್ತು. ಮಾತು ಹೊರಗೆ ಬಂದಾಗಿತ್ತು. ತಾನಾಗೇ ಕೇಳಿದ್ದ, ನಾನು ಹಚ್ಚಿ ಕೇಳಿಸಿದ್ದಲ್ಲ. ಕಂಬಳಿ ಅವನ ಬೆರಳ ತುದಿಯಲ್ಲೇ ಇತ್ತು. ನಾನು ಕೈ ಬಿಟ್ಟರೆ ಸಾಕಿತ್ತು. ಬಿಟ್ಟಿದ್ದರೆ, ಅವರದೇ ಪದ್ಧತಿಯ ಪ್ರಕಾರ, ಎಲ್ಲ ಎಲ್ಲಿರಬೇಕೋ ಅಲ್ಲಿಗೇ ಹೋಗುತ್ತಿತ್ತು.

ಮಾಯವ್ವ ನನ್ನನ್ನು ನೋಡಿದಳು. ಬೇಡಲಿಲ್ಲ. ಬೇಡುವ ಮುಖ ತನಗಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅವಳ ಬೆರಳುಗಳ ನಡುವಿನಿಂದ ಮುದುಕ ಇನ್ನೂ ಏನೋ ಗೊಣಗುತ್ತ ನಗುತ್ತಿದ್ದ. ಮುಪ್ಪಿನಲ್ಲಿ ಹೆಂಡತಿ ಬಾಯಿ ಮುಚ್ಚಿದ್ದು ಅವನಿಗೆ ತಮಾಷೆಯಾಗಿತ್ತು.

ನಾನು ಕಂಬಳಿಯನ್ನು ಮೆಲ್ಲಗೆ ಎಳೆದುಕೊಂಡು ಮಡಚಿದೆ.

"ಏನೋ ಅಂದ್ರಿ ಅಜ್ಜಾ, ಕುರಿ ಗದ್ದಲದಾಗ ನನಗ ಕೇಳಸಲಿಲ್ಲ" ಎಂದೆ. "ನಾ ಬರ್ತೀನಿ."

ಹಿಂತಿರುಗಿ ನೋಡಲಿಲ್ಲ. ನನ್ನ ಹಿಂದೆ ಮಾಯವ್ವ ನೆಲಕ್ಕೆ ಕುಸಿದು ಕೂತ ಸದ್ದು ಕೇಳಿಸಿತು. ಯಾಕೆ ಹಾಗೆ ಮಾಡಿದೆ ಎಂದು ನಮ್ಮ ಮನೆಯವರು ಕೇಳುತ್ತಾರೆ. ನನಗೂ ಗೊತ್ತಿಲ್ಲ. ಇಡೀ ಜನ್ಮ ಲಾಭದ ವ್ಯಾಪಾರ ಮಾಡಿದವಳು ಒಮ್ಮೆ ಲುಕ್ಸಾನು ಮಾಡಿಕೊಂಡು ನೋಡಿದೆ ಎಂದಿಟ್ಟುಕೊಳ್ಳಿ. ಮುದುಕನನ್ನು ನೋಡದೆ ಇದ್ದಿದ್ದರೆ ಕೊಟ್ಟುಬಿಡುತ್ತಿದ್ದೆನೇನೋ. ಎದುರಿಗೆ ನಿಂತು ನಗುತ್ತಿದ್ದವನಿಗೆ ಹೇಗೆ ಕೊಡಲಿ?

ಈಗ ಕಂಬಳಿ ನನ್ನ ಕುರ್ಚಿಯ ಬೆನ್ನಿಗೇ ಇದೆ. ಸುನಂದಾ ಫೋಟೋ ತೆಗೆದುಹಾಕಿದ್ದಾಳೆ. ಹೊರಗೆ ರಸ್ತೆಯ ಡಾಂಬರು ಕರಗುತ್ತಿದೆ, ಇಲ್ಲಿ ನಾನು ಶಾಲು ಹೊದ್ದು ಬರೆಯುತ್ತಿದ್ದೇನೆ. ಕಂಬಳಿಯನ್ನಲ್ಲ, ಶಾಲನ್ನು. ಅದನ್ನು ಹೊದ್ದಿಲ್ಲ. ಇನ್ನೂ. ಹಿಂದಿನ ವಾರ ಗಂಜಿಯ ಬಿಗಿಯಲ್ಲಿ ಸೆಟೆದು ನಿಲ್ಲುತ್ತಿದ್ದದ್ದು ಈಗ ಮೆತ್ತಗಾಗಿದೆ. ಕುರ್ಚಿಯ ಹಿಂದಿನಿಂದ ಸ್ವಲ್ಪ ಸ್ವಲ್ಪ ಇಳಿದು ನನ್ನ ಹೆಗಲವರೆಗೆ ಬಂದಿದೆ. ಉಣ್ಣೆ ಬಳಸಿದಂತೆ ಮೆತ್ತಗಾಗುತ್ತದೆ, ಅದು ಅದರ ಗುಣ. ಆದರೆ ಬಳಸಿದವರು ಯಾರು?

ಬೆಲೆ ಕೇಳುವುದನ್ನು ಬಿಟ್ಟಿದ್ದೇನೆ. ಪೂರ್ತಿ. ಸಂತೆಯಲ್ಲಿ ಬದನೆಕಾಯಿಯವಳು ಹೇಳಿದಷ್ಟು ಕೊಟ್ಟು ಬರುತ್ತೇನೆ; ಮೊನ್ನೆ ಅವಳಿಗೆ ಗಾಬರಿಯಾಗಿ, "ಅಕ್ಕಾರ, ಆರಾಮ ಅದೀರಿಲ್ಲೊ?" ಎಂದು ಕೇಳಿ ಎರಡು ಕಾಯಿ ಹೆಚ್ಚಿಗೆ ಹಾಕಿದಳು. ಆರಾಮ ಇದ್ದೇನೆ ಎಂದೆ.

ನೀವು ಗಮನಿಸಿರಬೇಕು. ಅಂಗಳದಲ್ಲಿ ನಾನು ಹೇಳಿದ ಅಂಕಿ, ಸುನಂದಾ ಪುಣೆಯವಳಿಗೆ ಹೇಳಿದ ಅಂಕಿ, ಯಾವುದನ್ನೂ ಇಲ್ಲಿ ಬರೆದಿಲ್ಲ. ನಿಮಗೆ ಏನನ್ನೂ ಕೇಳಿರಿ ಎಂದೂ ಹೇಳಿಲ್ಲ, ಹಚ್ಚಿ ಕೇಳಿಸಬಾರದಲ್ಲ. ನನ್ನ ಓದುಗರು ನನ್ನ ಹಾಗಲ್ಲ, ತಿಳಿದವರು ಎಂದೇ ನನ್ನ ನಂಬಿಕೆ.

ಆದರೂ ನಿಜ ಹೇಳಿ, ಓದುತ್ತ ಓದುತ್ತ, ನಡುವೆ ಎಲ್ಲೋ ಒಂದು ಕಡೆ, ಅದಕ್ಕೆ ಎಷ್ಟಿರಬಹುದು ಎಂದು ನಿಮ್ಮಷ್ಟಕ್ಕೆ ನೀವೇ ಒಮ್ಮೆಯಾದರೂ ಕೇಳಿಕೊಂಡಿರಾ?